ಬೀಗರ ಮನೆಯ ಹುಳಿ ಕಾಫಿ

ನಾನು ಮೂವತ್ತು ವರ್ಷ ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತನಾದವನು. ಮುಖ ನೋಡಿದರೆ ಸಾಕು, ಜೇಬಿನಲ್ಲಿ ಟಿಕೆಟ್ ಇದೆಯೋ ಇಲ್ಲವೋ ಹೇಳಬಲ್ಲೆ. ಹಾಗಾಗಿ ಮಗಳು ಸುಧಾಳಿಗೆ ಬಂದಿದ್ದ ಚಿತ್ರದುರ್ಗದ ಹುಡುಗನನ್ನು ಪರೀಕ್ಷಿಸುವ ಭಾರ ಸಹಜವಾಗಿಯೇ ನನ್ನ ಮೇಲೆ ಬಿತ್ತು. ಹುಡುಗ ಅವಳನ್ನು ಒಪ್ಪಿದ್ದ, ಅವಳೂ ಅವನನ್ನು ಮೆಚ್ಚಿದ್ದಳು. ನಾವು ಹೋಗಿ ಮನೆ ನೋಡಿ ಹ್ಞೂಂ ಅನ್ನುವುದಷ್ಟೇ ಉಳಿದಿತ್ತು.

ಆದರೆ ಹುಡುಗನ ಉದ್ಯೋಗದ ಮೇಲೆಯೇ ನನಗೆ ಅನುಮಾನ. ಕಾಫಿ ಕಂಪನಿಯಲ್ಲಿ ರುಚಿ ನೋಡುವುದಂತೆ. ಕಾಫಿ ಕುಡಿಯುವುದೂ ಒಂದು ಉದ್ಯೋಗವಾದರೆ ನಾನು ಎರಡು ಕಡೆ ನಿವೃತ್ತನಾಗಬೇಕಿತ್ತು.

ಹೊಳಲ್ಕೆರೆಯಲ್ಲಿ ಬಸ್ ಹತ್ತುವಾಗಲೇ ಹೆಂಡತಿ ಗಿರಿಜಾ ಎಚ್ಚರಿಸಿದಳು. "ಅಲ್ಲಿ ಕಾಫಿ ಕುಡಿವಾಗ ಸೊರ್ರ್ ಅನ್ನಿಸ್‌ಬ್ಯಾಡ್ರಿ. ಬೀದಿ ಕೊನೆತನಕ ಕೇಳ್ತೈತೆ."

ದೇವರಾಣೆ ಇಲ್ಲ ಎಂದೆ.

"ಬರ್ರಿ ಬೀಗ್ರೆ, ಕುಂತ್ಕಳ್ರಿ" ಎಂದು ಚಿತ್ರದುರ್ಗದ ಮನೆ ಬಾಗಿಲಲ್ಲೇ ಕರೆದರು ಹುಡುಗನ ತಂದೆ. ನಾವಿನ್ನೂ ಒಪ್ಪಿಯೇ ಇಲ್ಲ, ಆಗಲೇ ಬೀಗರು! ಇಷ್ಟು ಅವಸರ ಯಾಕೋ ಎಂದು ಮನೆಯ ಮೂಲೆಮೂಲೆ ನೋಡಿದೆ.

ಹುಡುಗ ತಾನೇ ಗಾಜಿನ ಲೋಟಗಳಲ್ಲಿ ಕಾಫಿ ತಂದ. ಹಾಲಿಲ್ಲ, ಸಕ್ಕರೆಯಿಲ್ಲ, ಬಣ್ಣ ತೆಳ್ಳಗಿನ ಟೀಯದ್ದು. ಲೋಟಕ್ಕೊಂದು ಚಮಚ ಬೇರೆ.

"ಇಥಿಯೋಪಿಯಾದ ಬೀಜ ಸರ್, ಒಂದೇ ಊರಿನ ತೋಟದ್ದು. ಬೇಕಂತಲೇ ಕಮ್ಮಿ ಹುರಿದೀನಿ."

ಹಾಲೂ ಉಳಿಸಿದ್ದಾರೆ, ಗ್ಯಾಸೂ ಉಳಿಸಿದ್ದಾರೆ ಎಂದು ಮನಸ್ಸಿನಲ್ಲೇ ಷರಾ ಬರೆದೆ.

ಅಷ್ಟರಲ್ಲಿ ಹುಡುಗ ಚಮಚದಲ್ಲಿ ಕಾಫಿ ತೆಗೆದು ಸೊರ್ರ್ ಎಂದ. ಅವನ ತಂದೆ ಸೊರ್ರ್ ಎಂದರು. ತಲೆ ತುಂಬ ಸೆರಗು ಹೊದ್ದ ಅವನ ತಾಯಿಯೂ ಸೊರ್ರ್!

ನನಗೆ ಎಲ್ಲಾ ತಿಳಿಯಿತು. ನನ್ನ ಗುಟ್ಟನ್ನು ಯಾರೋ ಇವರ ಕಿವಿಗೆ ಹಾಕಿದ್ದಾರೆ. ಮನೆಗೆ ಕರೆದು ಮೂವರೂ ಸೇರಿ ಅಣಕಿಸುತ್ತಿದ್ದಾರೆ. ಗಿರಿಜಾ ನನ್ನ ತೊಡೆ ಚಿವುಟಿದಳು. ಅಷ್ಟರಲ್ಲಿ ನಾನು ಎದ್ದು ನಿಂತಾಗಿತ್ತು.

"ಆಡ್ಕಳಾಕೆ ಕರೆಸಿದ್ರೇನ್ರಿ ನಮ್ಮನ್ನ?"

ಹುಡುಗ ಸಿಟ್ಟಾಗಲಿಲ್ಲ. "ಅಯ್ಯೋ, ಇಲ್ಲ ಸರ್. ಹಿಂಗೆ ಗಾಳಿ ಜೊತೆ ಎಳ್ಕಂಡ್ರೇ ರುಚಿ ಪೂರ್ತಿ ಗೊತ್ತಾಗ್ತೈತೆ. ನಮ್ಮ ಕೆಲಸದಾಗೆ ಹಂಗೇ ಕುಡಿಯೋದು. ಅಪ್ಪ ಅಮ್ಮಗೂ ಕಲ್ಸಿದೀನಿ. ನೀವೂ ಎಳೀರಿ."

ಗಿರಿಜಾಳ ಮುಖ ನೋಡದೆ ಎಳೆದೆ. ಬಸ್ ಹೊರಡುವುದರೊಳಗೆ ಬಿಸಿ ಕಾಫಿ ಮುಗಿಸುತ್ತಿದ್ದ ಮೂವತ್ತು ವರ್ಷದ ಅನುಭವ ಆ ಒಂದು ಎಳೆತದಲ್ಲಿತ್ತು. ಒಳಗೆ ಮಲಗಿದ್ದ ಹುಡುಗನ ಅಜ್ಜಿ ಎದ್ದು ಬಂದರು.

"ಏನ್ ರುಚಿ ಬಂತು ಸರ್?"

"ನಿಂಬೆಹಣ್ಣು ಹಿಂಡಿದ ಲೋಟನ ತೊಳೀದೆ ಕೊಟ್ಟಂಗೈತೆ" ಎಂದೆ.

ಹುಡುಗನ ತಾಯಿಯ ಮುಖ ಕಪ್ಪಿಟ್ಟಿತು. ಗಿರಿಜಾ ಕಣ್ಣು ಮುಚ್ಚಿಕೊಂಡಳು. ಸಂಬಂಧ ಇಲ್ಲಿಗೆ ಮುರಿಯಿತು, ಸುಧಾಳಿಗೆ ಏನು ಹೇಳಲಿ ಎಂದು ನನಗೆ ನಿಜಕ್ಕೂ ಸಂಕಟವಾಯಿತು.

ಹುಡುಗ ಕುರ್ಚಿಯಿಂದ ಜಿಗಿದ. "ನಿಂಬೆನೇ ಸರ್! ನಾವೂ ಕಂಪನಿಯಾಗೆ ಇದರ ರುಚಿ ಅಂತ ಅದನ್ನೇ ಬರ್ಕಂಡಿರೋದು. ಬೀಜದ ಗುಣನೇ ಅದು. ಲೋಟ ತೊಳ್ದೇ ಐತೆ."

ಮನೆಗೆ ಬಂದು ನಾನು ಮಗಳಿಗೆ ಗಂಭೀರವಾಗಿ ವರದಿ ಒಪ್ಪಿಸಿದೆ. ಹುಡುಗನನ್ನು ಎಲ್ಲ ರೀತಿಯಲ್ಲೂ ಪರೀಕ್ಷಿಸಲಾಗಿದೆ, ಪಾಸಾಗಿದ್ದಾನೆ.

"ಗೊತ್ತು ಅಪ್ಪಾಜಿ, ಅವ್ರು ಆಗ್ಲೇ ಫೋನ್ ಮಾಡಿ ಎಲ್ಲಾ ಹೇಳಿದ್ರು" ಎಂದಳು ಸುಧಾ. "ಅದಕ್ಕೇ ನಿಮ್ಮನ್ನ ಕಳ್ಸಿದ್ದು. ನಿಮ್ಮನ್ನ ಒಂದ್ ಗಂಟೆ ತಡ್ಕಂಡೋರು ಯಾರ್ನಾದ್ರೂ ತಡ್ಕಂತಾರೆ."

ಗಿರಿಜಾ ಕಾಫಿ ತಂದಿಟ್ಟಳು. ಸದ್ದಿಲ್ಲದೆ ಕುಡಿದೆ.