ದೂರಿನ ಡಬ್ಬಿಯೂ ನವಾಜ್ ಭಾಯಿಯೂ

ನಾಯಕತ್ವ ನನಗೆ ಹುಟ್ಟಿನಿಂದಲೇ ಬಂದದ್ದು. ಇದನ್ನು ನಾನೇ ಹೇಳಬೇಕಾಗಿದೆ, ಬೇರೆ ಯಾರೂ ಹೇಳುತ್ತಿಲ್ಲವಲ್ಲ! ಯಲಹಂಕದ ಕಡೆಯ ಒಂದು ಆಸ್ಪತ್ರೆಯಲ್ಲಿ, ಎಂಬಿಬಿಎಸ್ ಮುಗಿಸಿ ಎಂಡಿ ಓದುತ್ತಲೇ ವಾರ್ಡಿನಲ್ಲಿ ದುಡಿಯುವ ಹದಿನೆಂಟು ಪಿಜಿಗಳ ತರಬೇತಿಗೆ ನಾನೇ ಮುಖ್ಯಸ್ಥ. ಅವರ ಡ್ಯೂಟಿ ಪಟ್ಟಿಯನ್ನು ಪ್ರತಿ ತಿಂಗಳೂ ಇಂಕ್ ಪೆನ್ನಿನಲ್ಲಿ ಸ್ವಹಸ್ತದಿಂದ ಬರೆದು ಅಂಟಿಸುತ್ತೇನೆ. ಕಂಪ್ಯೂಟರಿನಲ್ಲಿ ಹೊಡೆದ ಪಟ್ಟಿಯಲ್ಲಿ ಪ್ರೀತಿ ಇರುವುದಿಲ್ಲ.

ಇತ್ತೀಚೆಗೆ ನಾಯಕತ್ವದ ಬಗ್ಗೆ ಎರಡು ದಿನದ ತರಬೇತಿಗೆ ಹೋಗಿದ್ದೆ. ಒಳ್ಳೆಯ ನಾಯಕ ಮಾತು ಕಡಿಮೆ ಮಾಡಿ ಕೇಳಿಸಿಕೊಳ್ಳಬೇಕು ಎಂದರು. ಬಂದವನೇ ಹೆಂಡತಿ ನಳಿನಿಯಿಂದ ಖಾಲಿ ಮೈಸೂರುಪಾಕಿನ ಡಬ್ಬಿ ಇಸಿದುಕೊಂಡು, ಮುಚ್ಚಳದಲ್ಲಿ ಸೀಳು ಕೊರೆದು, ಆಸ್ಪತ್ರೆಯ ನನ್ನ ಕೋಣೆಯ ಹೊರಗೆ ಪ್ರತಿಷ್ಠಾಪಿಸಿದೆ. "ನಿಮ್ಮ ದೂರುಗಳನ್ನು ಧೈರ್ಯವಾಗಿ ಬರೆದು ಹಾಕಿ. ಹೆಸರು ಬೇಡ. ಯಾರು ಬರೆದರೆಂದು ನಾನು ಹುಡುಕುವುದಿಲ್ಲ, ಇದು ನನ್ನ ಮಾತು. ಟೈಪ್ ಮಾತ್ರ ಮಾಡಬೇಡಿ. ಕೈಬರಹದಲ್ಲಿ ಹೃದಯ ಕಾಣುತ್ತದೆ!" ಎಂದು ಪಿಜಿಗಳಿಗೆ ಘೋಷಿಸಿದೆ.

ವಾರ ಕಳೆದು ತೆರೆದರೆ ಹದಿನೆಂಟು ಚೀಟಿ! ಒಬ್ಬರೂ ತಪ್ಪಿಸಿರಲಿಲ್ಲ. ಹಿಗ್ಗಿನಿಂದ ಕನ್ನಡಕ ಏರಿಸಿ ಕುಳಿತೆ. ಒಂದು ಚೀಟಿಯೂ ಓದಲು ಬರಲಿಲ್ಲ. ಹೃದಯವೇನೋ ಇದ್ದೀತು, ಅಕ್ಷರ ಮಾತ್ರ ಇರಲಿಲ್ಲ.

ಅಟ್ಟೂರಿನ ಮನೆಗೆ ತಂದು ನಳಿನಿಗೆ ತೋರಿಸಿದೆ.

"ಏನ್ರೀ ಇದು, ದೂರೋ ಇಸಿಜಿನೋ?" ಎಂದಳು.

ಅವಳು ಕಷ್ಟಪಟ್ಟು ಓದಿದ್ದು ಒಂದೇ ಪದ, ಒಂದೇ ಚೀಟಿಯಲ್ಲಿ: ರಾಜೀನಾಮೆ. ಎಂಡಿ ಸೀಟಿಗಾಗಿ ಆ ಮಕ್ಕಳು ವರ್ಷಗಟ್ಟಲೆ ಊಟ ನಿದ್ದೆ ಬಿಟ್ಟಿರುತ್ತಾರೆ. ಅಂಥದ್ದರಲ್ಲಿ ಒಂದು ಮಗು ಬಿಟ್ಟು ಹೋಗುವಷ್ಟು ನೊಂದಿದೆ, ನನಗೆ ಗೊತ್ತೇ ಇಲ್ಲ!

"ಯಾರೂಂತ ಕೇಳ್ರೀ."

"ಹುಡುಕಲ್ಲ ಅಂತ ಮಾತು ಕೊಟ್ಟಿದ್ದೀನಿ ಕಣೇ."

"ಯಾರೂಂತ ಬೇಡ, ಯಾಕೇಂತ ತಿಳ್ಕೊಳ್ಳಿ. ಡಾಕ್ಟ್ರ ಅಕ್ಷರ ಓದೋರು ಯಾರು? ಮೆಡಿಕಲ್ ಶಾಪ್‌ನೋರು ತಾನೇ?"

ನನಗೂ ಅದೇ ಹೊಳೆಯುವುದರಲ್ಲಿತ್ತು. ಅವಳು ಸ್ವಲ್ಪ ಮೊದಲು ಹೇಳಿದಳು, ಅಷ್ಟೆ.

ಮರುದಿನ ಸಂಜೆ ಮಾಸ್ಕ್ ಹಾಕಿಕೊಂಡು, ಆಸ್ಪತ್ರೆಯ ಎದುರಿನ ಮೆಡಿಕಲ್ ಶಾಪಿನ ನವಾಜ್ ಭಾಯಿ ಮುಂದೆ ಚೀಟಿಗಳ ಕಟ್ಟು ಇಟ್ಟೆ. "ಸ್ನೇಹಿತರೊಬ್ಬರದ್ದು. ಸ್ವಲ್ಪ ಓದಿ ಹೇಳಿ" ಎಂದೆ. ಪಾಪ, ಅವರಿಗೆ ಗಿರಾಕಿಗಳಿಗೆ ಕೇಳುವಂತೆ ಜೋರಾಗಿ ಓದಿಯೇ ಅಭ್ಯಾಸ!

"'ಸರ್ ರೌಂಡ್ಸ್ ಮೂರು ಗಂಟೆ. ಅದರಲ್ಲಿ ಎರಡು ಗಂಟೆ ಅವರ ಕಾಲೇಜು ದಿನಗಳ ಕಥೆ.' ಮುಂದಿಂದು... ಅರೆ, ಇದೂ ಅದೇ ಸಾರ್! ಈ ಅಕ್ಷರ ನಮ್ಮ ಡಾಕ್ಟರ್—"

"ಹೆಸರು ಬೇಡ!" ಎಂದು ಕಿರುಚಿದೆ.

ಮಂಡಿನೋವಿನ ಮುಲಾಮಿಗೆ ಬಂದಿದ್ದ ಪಕ್ಕದ ಕೋಗಿಲು ಹಳ್ಳಿಯ ಅಜ್ಜಿಯೊಬ್ಬರು ಕಿವಿ ನಿಮಿರಿಸಿದರು. "ಅಯ್ಯೋ ಸಿವನೇ! ಮಕ್ಕಳ್ನ ಮೂರು ಗಂಟೆ ನಿಲ್ಸ್ಕೊಂಡು ಇಂಗೆ ಕೊರೀತಾನಾ? ಅವ್ನ ಮಂಡಿಗೂ ಒಸಿ ನೋವು ಬರ್ಬೇಕು ಕಣಪ್ಪ!"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಮಾಸ್ಕನ್ನು ಕಣ್ಣಿನವರೆಗೆ ಎಳೆದುಕೊಂಡೆ.

ಕೊನೆಗೆ ಆ ಚೀಟಿ ಬಂತು. ನವಾಜ್ ಭಾಯಿ ಮನಸ್ಸಿನಲ್ಲೇ ಓದಿಕೊಂಡು ದನಿ ತಗ್ಗಿಸಿದರು.

"'ಸರ್ ಬರೆಯುವ ಡ್ಯೂಟಿ ಪಟ್ಟಿ ಓದಲು ಆಗುವುದಿಲ್ಲ. ಡ್ಯೂಟಿ ಇದೆ ಅಂದುಕೊಂಡು ಅಕ್ಕನ ಮದುವೆಗೆ ಹೋಗಲಿಲ್ಲ. ಆಮೇಲೆ ನೋಡಿದರೆ ಅವತ್ತು ನನಗೆ ರಜೆ. ಇನ್ನೊಮ್ಮೆ ಹೀಗಾದರೆ ರಾಜೀನಾಮೆ ಕೊಡುತ್ತೇನೆ.'"

ನನಗೆ ನಿಜಕ್ಕೂ ನಾಚಿಕೆಯಾಯಿತು.

"ಬೇಜಾರ್ ಮಾಡ್ಕೋಬೇಡಿ ಡಾಕ್ಟರ್ ಸಾಬ್," ಎಂದರು ಭಾಯಿ. ಮಾಸ್ಕ್ ಹಾಕಿದ್ದು ದಂಡ! "ತಪ್ಪು ನಂದೂ ಇದೆ."

"ನಿಮ್ದಾ?"

"ಪ್ರತಿ ತಿಂಗಳು ನಿಮ್ ಲಿಸ್ಟ್ ಫೋಟೋ ತೆಕ್ಕೊಂಡು ಮಕ್ಕಳು ಇಲ್ಲಿಗೇ ಬರ್ತಾರಲ್ಲಾ. ನಾಲ್ಕು ವರ್ಷದಿಂದ ಓದಿ ಹೇಳೋನು ನಾನೇ. ಆ ತಿಂಗಳು ಒಂದ್ ಕಡೆ ಹದಿನಾಲ್ಕೋ ಹತ್ತೊಂಬತ್ತೋ ನಂಗೂ ಗೊತ್ತಾಗ್ಲಿಲ್ಲ ಸಾರ್."

ನಾಲ್ಕು ವರ್ಷದಿಂದ ನನ್ನ ವಿಭಾಗವನ್ನು ನಡೆಸುತ್ತಿದ್ದವರು ನವಾಜ್ ಭಾಯಿ! ಸಂಬಳ ಮಾತ್ರ ನಾನು ತೆಗೆದುಕೊಳ್ಳುತ್ತಿದ್ದೆ.

ತಪ್ಪನ್ನು ತಕ್ಷಣ ಒಪ್ಪಿಕೊಳ್ಳುವವನೇ ನಾಯಕ. ಮರುದಿನ ಬೆಳಿಗ್ಗೆಯೇ ಎರಡು ಪುಟದ ಕ್ಷಮಾಪಣೆ ಬರೆದು ಅಂಟಿಸಿದೆ. ಬರೆದದ್ದು ಇಂಕ್ ಪೆನ್ನಿನಲ್ಲೇ. ಕ್ಷಮೆಯನ್ನು ಯಾರಾದರೂ ಟೈಪ್ ಮಾಡುತ್ತಾರೆಯೇ? ಮಧ್ಯಾಹ್ನ ಕಿಟಕಿಯಿಂದ ನೋಡುತ್ತೇನೆ, ಪಿಜಿಗಳು ಫೋನ್ ಹಿಡಿದು ಸಾಲಾಗಿ ರಸ್ತೆ ದಾಟುತ್ತಿದ್ದಾರೆ.

ಸಂಜೆ ಡಬ್ಬಿಯಲ್ಲಿ ಒಂದೇ ಚೀಟಿ ಇತ್ತು. ದುಂಡು ದುಂಡಾದ ಅಕ್ಷರ, ಕನ್ನಡಕವೂ ಬೇಕಾಗಲಿಲ್ಲ. "ಸರ್, ನಾನು ರಾಜೀನಾಮೆ ಕೊಡುವುದಿಲ್ಲ. ನೀವು ಕ್ಷಮೆ ಕೇಳಿದ್ದು ಸಂತೋಷವಾಯಿತು. ದಯವಿಟ್ಟು ಪಟ್ಟಿ ಮಾತ್ರ ಟೈಪ್ ಮಾಡಿಸಿ." ಓದಿ ಕಣ್ಣು ತುಂಬಿ ಬಂತು. ಮಗು ಉಳಿಯಿತು!

ಮನೆಗೆ ಓಡಿ ನಳಿನಿಯ ಕೈಗಿಟ್ಟೆ. "ನೋಡು, ಎಷ್ಟು ಮುದ್ದಾದ ಅಕ್ಷರ! ಒಂದೇ ವಾರದಲ್ಲಿ ಹೇಗೆ ತಿದ್ದಿದ್ದೀನಿ ನೋಡು! ಇದಕ್ಕೇ ಕಣೇ ನಾಯಕತ್ವ ಅನ್ನೋದು!"

ಅವಳು ಚೀಟಿಯನ್ನು ತಿರುಗಿಸಿದಳು. ಹಿಂಬದಿಯಲ್ಲಿ ಅದೇ ದುಂಡು ಅಕ್ಷರದಲ್ಲಿ ಮಂಡಿನೋವಿನ ಮುಲಾಮಿನ ಬಿಲ್ಲು, ಕೆಳಗೆ ನವಾಜ್ ಭಾಯಿಯ ಸೀಲು.