ಮುಚ್ಚಳ ತೆಗೆದ ಬಾಟಲಿ

ನನ್ನ ಗಂಡನ ಬಾಯಲ್ಲಿ ಗುಟ್ಟು ನಿಲ್ಲುವುದಿಲ್ಲ, ಕೈಯಲ್ಲಿ ಲೋಟ ನಿಲ್ಲುವುದಿಲ್ಲ. ರೈಲು ನಿಲ್ದಾಣದಲ್ಲಿ ಪ್ರಕಟಣೆ ಹೇಳುವ ಕೆಲಸದಿಂದ ನಿವೃತ್ತರಾದ ಮೇಲೂ ಮನೆಯ ಸುದ್ದಿಯನ್ನು ಎಲ್ಲ ಪ್ಲಾಟ್‌ಫಾರ್ಮುಗಳಿಗೂ ಕೇಳುವಂತೆ ಹೇಳುತ್ತಾರೆ. ಸಭೆಯಿರಲಿ, ಸಮಾರಂಭವಿರಲಿ, ನೀರು ಚೆಲ್ಲುವುದು ನನ್ನ ಮಡಿಲಿಗೇ.

ಇಂಥವರಿಗೆ ನನ್ನ ಕಷ್ಟ ಹೇಳುವುದುಂಟೆ? ಸೀನಿದರೆ, ಕೆಮ್ಮಿದರೆ, ನಕ್ಕರೆ ನನಗೆ ಮೂತ್ರ ಜಾರುತ್ತಿತ್ತು. ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ನನ್ನನ್ನು ಹುಡುಗರು ಗಂಟುಮೋರೆ ಎನ್ನುತ್ತಿದ್ದರು. ನಗು ಬಾರದೆ ಅಲ್ಲ. ನಕ್ಕರೆ ಬಟ್ಟೆ ಬದಲಿಸಬೇಕಿತ್ತು.

ಈ ವರ್ಷ ಶಾಲೆ ಶುರುವಾದಾಗಲೇ ಮೊಮ್ಮಗಳಿಗೆ ವರ್ಷಾಂತ್ಯದ ನಾಟಕದಲ್ಲಿ ವಿದೂಷಕನ ಪಾತ್ರ ಸಿಕ್ಕಿತು.

"ಅಜ್ಜೀ, ಮುಂದಿನ ಸಾಲಲ್ಲೇ ಕೂತ್ಕೋಬೇಕು. ನೀನು ನಗದಿದ್ರೆ ಟೂ ಬಿಡ್ತೀನಿ."

ನಗುತ್ತೇನೆ, ಒಣ ಬಟ್ಟೆಯಲ್ಲೇ ನಗುತ್ತೇನೆ ಎಂದು ಭೀಷ್ಮಪ್ರತಿಜ್ಞೆ ಮಾಡಿದೆ. ಗ್ರಂಥಾಲಯಕ್ಕೆಂದು ಹೇಳಿ ಫಿಸಿಯೋಥೆರಪಿಯವಳ ಬಳಿ ಹೋದೆ.

ಅಲ್ಲಿ ಕಾಯುವ ಕುರ್ಚಿಗಳಲ್ಲಿ ಒಬ್ಬಳು ಬಾಣಂತಿ, ಭಾರ ಎತ್ತುವ ಕ್ರೀಡಾಪಟು ಹುಡುಗಿ, ಪ್ರಾಸ್ಟೇಟ್ ಶಸ್ತ್ರಚಿಕಿತ್ಸೆ ಮುಗಿಸಿದ ಪೈಲ್ವಾನನಂಥ ಗಂಡಸು. ಎಲ್ಲರೂ ಗೋಡೆಯ ಗಡಿಯಾರವನ್ನೇ ಓದುತ್ತಿದ್ದರು. ನಾನೂ ಓದಿದೆ.

"ಕಿಬ್ಬೊಟ್ಟೆಯ ತಳದಲ್ಲಿ ತೊಟ್ಟಿಲ ಬಟ್ಟೆ ಹಾಗೆ ಸ್ನಾಯುಗಳಿವೆ, ಅಮ್ಮ" ಎಂದಳು ಫಿಸಿಯೋಥೆರಪಿಯವಳು, ಒಳಗೆ ಕರೆದು. "ಅದನ್ನ ಮೇಲಕ್ಕೆ ಎಳೀರಿ, ಆಮೇಲೆ ಪೂರ್ತಿ ಸಡಿಲ ಬಿಡಿ. ಉಸಿರು ಮಾತ್ರ ಕಟ್ಟಬೇಡಿ. ಎಲ್ಲಿ ಕೂತು ಮಾಡಿದ್ರೂ ಯಾರಿಗೂ ಗೊತ್ತಾಗಲ್ಲ."

"ಈ ವಯಸ್ಸಲ್ಲಿ ಸರಿಹೋಗುತ್ತಾ?"

"ಸ್ನಾಯು ಏನು ನಿಮ್ಮ ಜಾತಕ ನೋಡಿದ್ಯಾ? ಬಿಡದೆ ಮಾಡಿದ್ರೆ ತುಂಬ ಜನಕ್ಕೆ ಗುಣ ಕಾಣುತ್ತೆ."

ಮನೆಗೆ ಬಂದು ಊಟದ ಮೇಜಿನಲ್ಲೇ ಶುರುಮಾಡಿದೆ. ಅರೆಮನಸ್ಸಿನ ಕೆಲಸ ನನಗಾಗದು. ಸ್ನಾಯುವಿನ ಜೊತೆಗೆ ಹುಬ್ಬು, ಹಲ್ಲು, ಮುಷ್ಟಿ, ಕೊನೆಗೆ ಉಸಿರನ್ನೂ ಬಿಗಿಹಿಡಿದೆ. ಮುಖ ಕೆಂಪಾಯಿತು, ಕಣ್ಣುಗುಡ್ಡೆ ಮೇಲೇರಿತು.

"ಏನಾಯ್ತೇ?"

ಉತ್ತರಿಸಿದರೆ ಹಿಡಿತ ತಪ್ಪುತ್ತದೆ. ಇನ್ನಷ್ಟು ಬಿಗಿಹಿಡಿದೆ. ಅವರು ಬಾಗಿಲು ತೆರೆದು ಮೆಟ್ಟಿಲಿಗೆಲ್ಲ ಕೇಳುವಂತೆ ಪ್ರಕಟಿಸಿದರು: "ದಯವಿಟ್ಟು ಗಮನಿಸಿ! ನನ್ನ ಹೆಂಡತಿಗೆ ಹೃದಯಾಘಾತ!"

ಮೇಲಿನ ಮನೆಯ ಟೈಲರ್ ಬಂದ. ಕೆಳಮನೆಯ ಅತ್ತೆ, ಸೊಸೆ ಬಂದರು. ಅವರಿಬ್ಬರೂ ನನಗೆ ಗಾಳಿ ಬೀಸುತ್ತಿರುವಾಗಲೇ ಯಾರೋ ಫೋನ್ ಮಾಡಿ ಕರೆಸಿದ ಆಂಬುಲೆನ್ಸಿನವರೂ ಸ್ಟ್ರೆಚರ್ ಹಿಡಿದು ಬಂದರು. ಟೈಲರ್ ಭಕ್ತಿಯಿಂದ ನನ್ನ ಅಂಗಾಲು ತಿಕ್ಕತೊಡಗಿದ. ಕಚಗುಳಿ ತಡೆಯಲಾರದೆ ಪಕ್ಕನೆ ನಕ್ಕೆ. ಕುರ್ಚಿ ಒದ್ದೆಯಾಯಿತು.

ಅಷ್ಟರಲ್ಲೇ ಗಂಡನ ಮೊಣಕೈ ತಗುಲಿ, ಮೇಜಿನ ಮೇಲಿದ್ದ ಜಗ್ಗಿನ ನೀರೆಲ್ಲ ನನ್ನ ಮಡಿಲಿಗೆ.

"ನಿಮ್ಮ ಕೈಗೆ ಏನ್ರೀ ಬಂದಿದೆ ದೊಡ್ಡರೋಗ?"

"ಇಷ್ಟು ಜೋರಾಗಿ ಬೈತಾರೆ ಅಂದ್ರೆ ಹೃದಯ ಗಟ್ಟಿಯಾಗೇ ಇದೆ" ಎಂದು ಆಂಬುಲೆನ್ಸಿನವರು ಸ್ಟ್ರೆಚರ್ ಮಡಚಿದರು.

ಮತ್ತೆ ಫಿಸಿಯೋಥೆರಪಿಯವಳ ಬಳಿ ಹೋಗಿ, ಉಸಿರಾಡುತ್ತ ಮಾಡುವುದನ್ನು ಮೊದಲ ತರಗತಿಯವಳಂತೆ ಕಲಿತೆ. ತಿಂಗಳುಗಳು ಕಳೆದವು. ಸೀನುಗಳು ಒಂದೊಂದಾಗಿ ನಿರಪಾಯವಾಗತೊಡಗಿದವು.

ನಾಟಕದ ದಿನ ಮುಂದಿನ ಸಾಲಿನಲ್ಲಿ ಕೂತೆವು. ವಿದೂಷಕಿ ರಾಜನ ಸಿಂಹಾಸನದಡಿ ಸಿಕ್ಕಿಕೊಂಡು, ಅದನ್ನು ಬೆನ್ನ ಮೇಲೆ ಹೊತ್ತುಕೊಂಡೇ ಓಡಿದಳು. ನಾನು ಬಾಯಿ ತೆರೆದು, ಹೊಟ್ಟೆ ಹಿಡಿದು, ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ನೀರು ಬಂದದ್ದು ಕಣ್ಣಲ್ಲಿ ಮಾತ್ರ.

ಪಕ್ಕಕ್ಕೆ ನೋಡಿದೆ. ಗಂಡನ ಕಣ್ಣು ರಂಗದ ಮೇಲಿತ್ತು. ಕೈಯಲ್ಲಿ ಮುಚ್ಚಳ ತೆಗೆದ ನೀರಿನ ಬಾಟಲಿ. ಅದು ಮೆಲ್ಲಗೆ ನನ್ನ ಮಡಿಲ ಮೇಲೆ ವಾಲುತ್ತಿತ್ತು.

"ಬೇಕಾ?" ಎಂದರು. ಅವರಿಗೆ ಪಿಸುಗುಡಲು ಬರುತ್ತದೆ ಎಂಬುದೇ ನನಗೆ ಗೊತ್ತಿರಲಿಲ್ಲ.

"ಇವತ್ತು ಬೇಡ, ಒಣಗೇ ಇದೀನಿ" ಎಂದು ಅವರ ಇನ್ನೊಂದು ಕೈಯಲ್ಲಿದ್ದ ಮುಚ್ಚಳ ತೆಗೆದುಕೊಂಡು ಬಾಟಲಿಗೆ ಹಾಕಿದೆ.