ಸಾಹುಕಾರರ ಹಲ್ಲು ನಾಟಿ

ಹಲ್ಲಿನ ಡಾಕ್ಟರ ಮುಂದೆ ಜನ ಬಾಯಿ ತೆರೆಯುವುದು ಹಲ್ಲು ತೋರಿಸಲು ಎಂದು ಕಾಲೇಜಿನಲ್ಲಿ ನಂಬಿಸಿದ್ದರು. ಚಳ್ಳಕೆರೆಯಲ್ಲಿ ಕ್ಲಿನಿಕ್ ಇಟ್ಟ ಮೇಲೆ ಗೊತ್ತಾಯಿತು, ಇಲ್ಲಿ ಬಾಯಿ ತೆರೆಯುವುದು ಡಾಕ್ಟರ ಬಾಯಿ ಮುಚ್ಚಿಸಲು. ಹಾಗೆ ನನ್ನ ಬಾಯಿ ಮುಚ್ಚಿಸಿದವರಲ್ಲಿ ಒಬ್ಬ ಶೇಂಗಾ ಸಾಹುಕಾರರದೇ ದೊಡ್ಡ ಪಾಲು.

೧. ಗೋಡೌನ್ ತುಂಬಾ ಐತೆ

ಮಾರುಕಟ್ಟೆಯಲ್ಲಿ ಅವರ ಹಲ್ಲಿಗೆ ಹೆಸರಿತ್ತು. ರೈತರ ಚೀಲಕ್ಕೆ ಕೈ ಹಾಕಿ, ಒಂದು ಕಾಯಿ ಸುಲಿದು, ಬೀಜವನ್ನು ಕಟಕ್ಕನೆ ಕಡಿದು "ಹಸಿ ಐತೆ" ಅಥವಾ "ಒಣಗೈತೆ" ಅನ್ನುವರು. ಅದರ ಮೇಲೆ ದರ, ಒಣಗಿದ್ದಕ್ಕೆ ಹೆಚ್ಚು. ಆಮೇಲೆ ಬಾಯಿ ಕ್ಯಾನ್ಸರ್ ಬಂತು. ಆಪರೇಷನ್ ಆಯಿತು, ಕರೆಂಟು ಅಂದರೆ ರೇಡಿಯೇಷನ್ ಕೊಟ್ಟರು. ಕಾಯಿಲೆ ಹೋಯಿತು, ಜೊತೆಗೆ ಕೆಳಸಾಲಿನ ಹಲ್ಲುಗಳೂ ಹೋದವು. ಬಾಯಿ ಸದಾ ಒಣ ಒಣ. ಕಟ್ಟಿಸಿಕೊಂಡ ಹಲ್ಲಿನ ಸೆಟ್ಟು ಅದರಲ್ಲಿ ನಿಲ್ಲಲೇ ಇಲ್ಲ.

"ಇನ್ನೊಬ್ಬ ಕಡಿದ ಕಾಯಿಗೆ ನಾನು ರೇಟು ಕೂಗ್ಲಾ ಡಾಕ್ಟ್ರೇ? ಅದಕ್ಕೇ ಮಾರ್ಕೆಟ್ಟಿಗೆ ಹೋಗೋದೇ ಬಿಟ್ಟೆ" ಎಂದು ನನ್ನ ಕ್ಲಿನಿಕ್ಕಿನ ಕುರ್ಚಿಯಲ್ಲಿ ಕೂತು ಕಣ್ಣೊರೆಸಿಕೊಂಡರು. ನನಗೂ ಸಂಕಟವಾಯಿತು.

ಅವರ ಹೆಂಡತಿ ಪಕ್ಕದಲ್ಲೇ ಇದ್ದರು. "ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅಂತಾರಲ್ರಿ. ನಮ್ಮದು ಗೋಡೌನ್ ತುಂಬಾ ಐತೆ ನೋಡ್ರಿ!" ಎಂದರು.

೨. ಯಾವ ಬೆಳೆ?

ಕ್ಯಾನ್ಸರ್ ಆಸ್ಪತ್ರೆಯವರು ಒಪ್ಪಿದ ಮೇಲೆ, ದಾವಣಗೆರೆಯ ಸರ್ಜನ್ ಒಬ್ಬರ ಕೈಯಲ್ಲಿ ಇಂಪ್ಲಾಂಟ್ ಹಾಕಿಸುವುದೆಂದು ತೀರ್ಮಾನವಾಯಿತು. ಸಾಹುಕಾರರಿಗೆ ಅರ್ಥವಾಗಲೆಂದು, "ದವಡೆ ಮೂಳೆಯಲ್ಲಿ ಹಲ್ಲಿನ ಬೇರು ನೆಡ್ತಾರೆ" ಎಂದೆ. ಎಡವಟ್ಟಾಗಿದ್ದು ಅಲ್ಲೇ.

"ನೆಟ್ಟ ಮೇಲೆ ಎಷ್ಟು ದಿನಕ್ಕೆ ಬರ್ತೈತೆ?"

"ಬೇರು ಹಿಡಿಯೋಕೆ ನಾಲ್ಕು ತಿಂಗಳು ಬೇಕು."

"ಶೇಂಗಾ ಇದ್ದಂಗೆ ಅನ್ರಿ."

"ನಿಮಗೆ ಕರೆಂಟು ಕೊಟ್ಟಿದ್ದಾರಲ್ಲ, ಆರು ತಿಂಗಳಾದರೂ ಕಾಯಬೇಕು."

ಅವರು ಬೆರಳಲ್ಲಿ ತಿಂಗಳು ಎಣಿಸಿ, "ಹಂಗಾದ್ರೆ ತೊಗರಿ" ಎಂದು ಎದ್ದು ಹೋದರು.

೩. ಎರಡು ಚೀಲ

ಬೇರು ಹಿಡಿಯಿತು. ಅದರ ಮೇಲೆ ಕೂರಿಸುವ ಹಲ್ಲುಗಳು ನನ್ನ ಕ್ಲಿನಿಕ್ಕಿಗೆ ಬಂದವು. ಸಾಹುಕಾರರ ಮನೆಗೆ ಫೋನ್ ಮಾಡಿದರೆ ಹೆಂಡತಿ ಎತ್ತಿದರು. ಅವರ ತವರು ಮೊಳಕಾಲ್ಮೂರಿನ ಆಚೆ, ಮನೆಮಾತು ತೆಲುಗು. ನಾನು ಭಾನುವಾರ ಮೊಳಕಾಲ್ಮೂರಿಗೆ ಹೋಗಿ ಹಲ್ಲು ನೋಡುತ್ತಿದ್ದವನು, ಅಲ್ಲಿ ನಾಲ್ಕು ತೆಲುಗು ಮಾತು ಕಲಿತಿದ್ದೆ. ಜಂಬ ಸುಮ್ಮನಿರಬೇಕಲ್ಲ! "ಅಮ್ಮಾ, ಪಳ್ಳು ವಚ್ಚಾಯಿ" ಎಂದೆ. ಹಲ್ಲು ಬಂದಿವೆ ಅಂತ ನನ್ನ ಅರ್ಥ.

ಸ್ವಲ್ಪ ಹೊತ್ತಿಗೆ ಅವರ ಅಂಗಡಿಯ ಹಮಾಲಿ ಎರಡು ಖಾಲಿ ಚೀಲ ಹಿಡಿದು ಬಂದ. "ಹಣ್ಣು ಬಂದಾವಂತಲ್ರಿ, ತಗೊಂಡು ಬಾ ಅಂದ್ರು ಅಮ್ಮಾರು."

ತೆಲುಗಿನಲ್ಲಿ ಹಲ್ಲಿಗೂ ಪಳ್ಳು, ಹಣ್ಣಿಗೂ ಪಳ್ಳು ಎಂಬುದು ನನಗೆ ತಿಳಿದದ್ದು ಅವತ್ತೇ. ಪುಟ್ಟ ಡಬ್ಬಿ ತೆರೆದು ತೋರಿಸಿದೆ. ಅವನು ಬಗ್ಗಿ ನೋಡಿ, "ಇಷ್ಟೇನಾ ಡಾಕ್ಟ್ರೇ? ಒಂದು ಚೀಲ ಸಾಕಿತ್ತು ಬಿಡ್ರಿ" ಎಂದ.

೪. ಒಣಗೈತೆ!

ಹಲ್ಲು ಕೂತ ಮೇಲೆ ಕೆಲವು ದಿನ ಮೆತ್ತನೆಯದೇ ತಿನ್ನಿಸಿ, ಆಮೇಲೆ ಅನುಮತಿ ಕೊಟ್ಟೆ. ಸಾಹುಕಾರರು ನನ್ನನ್ನೂ ಮಾರುಕಟ್ಟೆಗೆ ಎಳೆದೊಯ್ದರು. ನನ್ನಿವಾಳದ ರೈತನೊಬ್ಬನ ಚೀಲಕ್ಕೆ ಕೈ ಹಾಕಿ ಒಂದು ಬೀಜ ಬಾಯಿಗಿಟ್ಟರು. ಇಡೀ ಮಾರುಕಟ್ಟೆ ಉಸಿರು ಬಿಗಿಹಿಡಿಯಿತು. ನಾನಂತೂ ಕಣ್ಣು ಮುಚ್ಚಿಕೊಂಡೆ.

ಕಟಕ್!

"ಒಣಗೈತೆ! ಒಳ್ಳೆ ಮಾಲು!" ಎಂದು ಕೂಗಿದರು. ಜನ ಚಪ್ಪಾಳೆ ತಟ್ಟಿದರು. ನನಗೆ ಕಣ್ಣಲ್ಲಿ ನೀರೇ ಬಂತು. ಪಕ್ಕದ ಚೀಲವೂ "ಒಣಗೈತೆ!" ಅದರ ಪಕ್ಕದ್ದೂ "ಒಣಗೈತೆ!" ಅದು ಹಿಂದಿನ ದಿನದ ಮಳೆಗೆ ನೆಂದಿದ್ದ ಚೀಲ. ಅದರ ರೈತ ಒಮ್ಮೆ ಚೀಲ ನೋಡಿದ, ಒಮ್ಮೆ ಸಾಹುಕಾರರ ಮುಖ ನೋಡಿದ, ಗಬಕ್ಕನೆ ಚೀಲದ ಬಾಯಿ ಕಟ್ಟಿದ. ಒಣಗಿದ್ದು ಶೇಂಗಾ ಅಲ್ಲ, ಸಾಹುಕಾರರ ಬಾಯಿ ಎಂದು ನನಗೆ ಹೊಳೆಯಿತು. ಆದರೆ ಆ ನಗುಮುಖ ನೋಡಿ ಹೇಳಲು ನಾಲಿಗೆ ಬರಲಿಲ್ಲ.

ಮುಂದಿನ ವಾರ ಅದೇ ನೆಂದ ಚೀಲದ ರೈತ ಕ್ಲಿನಿಕ್ಕಿಗೆ ಬಂದು ಕುರ್ಚಿಯಲ್ಲಿ ಕೂತ.

"ಯಾವ ಹಲ್ಲಪ್ಪಾ ನೋವು?"

"ನೋವೇನಿಲ್ರಿ. ಸಾಹುಕಾರ್ರ ಬಾಯಾಗೆ ನೀರು ಬರ್ಸೋ ಔಷಧಿ ಏನಾರ ಐತಾ ಡಾಕ್ಟ್ರೇ?"

ಇವನಿಗೆ ಅವರ ಮೇಲೆ ಎಷ್ಟು ಅಕ್ಕರೆ ಎಂದುಕೊಂಡು, "ಐತಪ್ಪಾ, ಯಾಕೆ?" ಎಂದೆ.

ಅವನು ಕೈ ಮುಗಿದ. "ಸುಗ್ಗಿ ಮುಗಿಯೋಗಂಟ ಕೊಡಬ್ಯಾಡ್ರಿ."